ಗೌಸಬಿಯ ಮನೆಗೆ ಕೀಲಿ ಹಾಕಿದವರು ಯಾರು?

ಮದುವೆಯ ವಿಡಿಯೋದಲ್ಲಿ ಗೌಸಬಿ ಎಲ್ಲೂ ಕಾಣಿಸದಿರಲಿ ಎಂದು ಬೇಡಿಕೊಳ್ಳುತ್ತ ನಾನು ಹುಕ್ಕೇರಿಯ ಅಖ್ತರನ ಮನೆಯಲ್ಲಿ ಟಿವಿಯ ಮುಂದೆ ಕೂತಿದ್ದೆ.

ಊಟದ ಪಂಕ್ತಿ ಮುಗಿಯುವ ಲಕ್ಷಣವೇ ಇರಲಿಲ್ಲ. ಬಡಿಸುವವರ ಕೈ, ತಿನ್ನುವವರ ಬಾಯಿ, ಕ್ಯಾಮರಾ ಕಂಡ ಕೂಡಲೇ ಸೆರಗು ಎಳೆದುಕೊಳ್ಳುವ ಹೆಂಗಸರು. ಜನ ತುತ್ತು ಬಾಯಿಗಿಡುವುದನ್ನು ಇಷ್ಟು ಹೊತ್ತು ಹಿಡಿದಿಡುವ ಹುಚ್ಚು ಈ ವಿಡಿಯೋದವರಿಗೆ ಎಲ್ಲಿಂದ ಅಂಟಿತೋ ನನಗೆ ತಿಳಿಯದು. ಪೊಲೀಸ್ ಕೆಲಸದಲ್ಲಿದ್ದಾಗ ಎಷ್ಟೋ ಕಳ್ಳರ ಮುಖ ದಿಟ್ಟಿಸಿದ್ದೇನೆ, ಯಾವುದೂ ಇಷ್ಟು ಬೇಸರ ತಂದಿರಲಿಲ್ಲ.

ಗುಲಗಂಜಿಹಾಳದಲ್ಲಿ ಗೌಸಬಿ ಇರುವ ಮನೆ ತೆರಿಗೆ ಬಾಕಿಗೆಂದು ಹರಾಜಾಗಿತ್ತು. ಮರುದಿನ ಬೆಳಿಗ್ಗೆ ಆ ಹರಾಜು ಖಾಯಮ್ಮಾದರೆ ಅವಳೂ ಮಗಳು ಗುಲ್ನಾಜಳೂ ಬೀದಿಗೆ ಬೀಳುವವರಿದ್ದರು.

ತನಗೆ ನೋಟಿಸು ಬಂದೇ ಇಲ್ಲ ಎಂದು ಗೌಸಬಿ ಹೇಳಿದ್ದಳು. ನಾನು ನಂಬಿದ್ದೆ. ಆದರೆ ಅವಳ ವಕೀಲ ಸಮ್ಮೇದ ಹಿಂದಿನ ಸಂಜೆ ಪಟ್ಟಣ ಪಂಚಾಯಿತಿ ಕಚೇರಿಯಿಂದ ತೆಗೆಸಿದ ನೋಟಿಸು ಜಾರಿಯ ವರದಿಯ ನಕಲು ಬೇರೆಯದನ್ನೇ ಹೇಳುತ್ತಿತ್ತು. ಫೆಬ್ರುವರಿ ಹದಿನಾರರಂದು ನೋಟಿಸು ಒಯ್ದಾಗ ಮನೆಗೆ ಕೀಲಿ ಹಾಕಿತ್ತು. ಮನೆಯವರು ಹುಕ್ಕೇರಿಗೆ ಮದುವೆಗೆ ಹೋಗಿದ್ದಾರೆ ಎಂದು ಎದುರುಮನೆಯವರು ಹೇಳಿದರು. ಆದ್ದರಿಂದ ನೋಟಿಸನ್ನು ಬಾಗಿಲಿಗೆ ಅಂಟಿಸಲಾಯಿತು. ಕೆಳಗೆ ಜಾರಿ ಮಾಡಿದವನ ಸಹಿ. ಜೊತೆಗೊಂದು ಫೋಟೋ: ಗೌಸಬಿಯದೇ ಬಾಗಿಲು, ಅದಕ್ಕೊಂದು ಕೀಲಿ, ಅದರ ಮೇಲೊಂದು ಹಾಳೆ.

ಮನೆಗೆ ಕೀಲಿ ಇದ್ದಾಗ ಬಾಗಿಲಿಗೆ ಅಂಟಿಸಿದರೆ ಕೈಗೆ ಕೊಟ್ಟಂತೆಯೇ ಲೆಕ್ಕ. ಸಮ್ಮೇದ ಇದನ್ನು ಹೇಳುವಾಗ ಅವನ ಮುಖ ಸೊಪ್ಪಾಗಿತ್ತು. ಹುಡುಗ ಒಳ್ಳೆಯವನು. ಕೋರ್ಟಿನಲ್ಲಿ ಶುದ್ಧ ಕನ್ನಡ, ಮನೆಯಲ್ಲಿ ತಾಯಿಯ ಕೂಡ ಮರಾಠಿ. ಸೋಲು ಕಂಡರೆ ಮಾತ್ರ ಎರಡೂ ಭಾಷೆ ಮರೆತು ಸುಮ್ಮನೆ ಕೂತುಬಿಡುತ್ತಾನೆ.

ಅವನಿಗೆ ಸಾಕ್ಷಿ ಹುಡುಕಿಕೊಡುವವಳು ನಾನು, ಅದಕ್ಕೇ ಹುಕ್ಕೇರಿಗೆ ಓಡಿ ಬಂದಿದ್ದೆ. ಬಂದು ನೋಡಿದರೆ ಮದುವೆ ಖರೆ, ತಾರೀಖೂ ಖರೆ. ಗೌಸಬಿಯ ತಮ್ಮ ಅಖ್ತರ, ಅವನ ಮಗಳು ಸುಮಯ್ಯಾ, ಅದೇ ಹದಿನಾರನೇ ತಾರೀಖಿಗೆ ನಿಕಾ. ಒಬ್ಬಳೇ ಸೋದರತ್ತೆ ಬಾರದಿರುತ್ತಾಳೆಯೇ? ಬಂದಿದ್ದರೆ ಮನೆಗೆ ಕೀಲಿ ಬಿದ್ದದ್ದೂ ನಿಜ, ನೋಟಿಸೂ ನಿಜ. ಈ ದಾಕ್ಷಾಯಿಣಿಗೆ ಗೌಸಬಿ ಸುಳ್ಳು ಹೇಳಿದ್ದೊಂದೇ ಉಳಿಯುತ್ತದೆ. ನನಗೆ ಒಳಗೊಳಗೇ ಸಿಟ್ಟು ಏರುತ್ತಿತ್ತು.

ಅಖ್ತರನ ಹೆಂಡತಿ ಚಹಾ ತಂದಿಟ್ಟು, ಅಷ್ಟು ಕಣ್ಣು ನೆಟ್ಟು ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ನಿನ್ನ ಗಂಡನ ಅಕ್ಕ ಎಲ್ಲಿ ಕೂತಿದ್ದಾಳೆ ತೋರಿಸು ಎಂದೆ. ಅವಳು ಗಂಡನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

“ಗೌಸ ಆಪಾ ಇದರಾಗ ಎಲ್ಲಿ ಸಿಗತಾರ್ರಿ, ಅಕ್ಕಾರ? ಅವರು ಇದ್ದತ್ತಿನಾಗ ಇದ್ರಲ್ರಿ.”

ನಾನು ಕಪ್ಪನ್ನು ಕೆಳಗಿಟ್ಟೆ.

ಇದ್ದತ್ತು ಎಂದರೆ, ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಮನೆ ಬಿಟ್ಟು ಹೋಗುವಂತಿಲ್ಲ. ದವಾಖಾನೆಯಂಥ ತುರ್ತು ಬಂದರೆ ಮಾತು ಬೇರೆ. ಮದುವೆ ಮುಂಜಿಗಂತೂ ಹೊಸ್ತಿಲು ದಾಟುವುದಿಲ್ಲ. ಗೌಸಬಿಯ ಗಂಡ, ಗಾದಿ ಹೊಲಿಯುತ್ತಿದ್ದ ಮೌಲಾಅಲಿ ತೀರಿಕೊಂಡದ್ದು ಡಿಸೆಂಬರಿನಲ್ಲಿ. ಫೆಬ್ರುವರಿಯಲ್ಲಿ ಅವನ ಹೆಂಡತಿ ಎಲ್ಲಿರುತ್ತಾಳೆ? ಯಮಕನಮರಡಿಯಲ್ಲಿ ನಾನು ಹುಟ್ಟಿದ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆ ಮುಸಲ್ಮಾನರದು. ಇದೆಲ್ಲ ನೋಡಿಯೇ ಬೆಳೆದವಳು ನಾನು. ಆದರೂ ತಾರೀಖಿನ ಗುಂಗಿನಲ್ಲಿ ತಲೆಗೆ ಹೊಳೆಯಲಿಲ್ಲ ನೋಡಿ.

ಗೌಸಬಿಯ ತಪ್ಪೂ ಅಲ್ಲ. ಹದಿನಾರಕ್ಕೆ ಎಲ್ಲಿದ್ದಿರಿ ಎಂದು ಸಮ್ಮೇದ ಕೇಳಿದಾಗ ಮನೆಯಲ್ಲಿದ್ದೆ ಎಂದಿದ್ದಳು. ಯಾಕೆ ಎಂದು ಅವನು ಕೇಳಲಿಲ್ಲ. ಇಡೀ ಓಣಿಗೆ ಗೊತ್ತಿರುವುದನ್ನು ಮತ್ತೆ ಬಿಡಿಸಿ ಹೇಳಬೇಕೆಂದು ಅವಳಿಗೂ ಅನಿಸಿರಲಿಲ್ಲ.

ನಾನು ಎದ್ದು ಟಿವಿ ಆರಿಸಹೋದೆ. ಅಖ್ತರನ ಹೆಂಡತಿ ತಡೆದಳು. ಕಡೆಯದನ್ನು ನೋಡಿಕೊಂಡೇ ಹೋಗಿ ಎಂದಳು.

ಕಡೆಯಲ್ಲಿ ಮದುಮಕ್ಕಳ ಕಾರು ಹೊರಟಿತ್ತು. ಗಂಡಿನ ಊರು ಮೂಡಲಗಿ, ದಾರಿಯಲ್ಲೇ ಗುಲಗಂಜಿಹಾಳ. ಫುಫ್ಫುವಿನ, ಅಂದರೆ ಸೋದರತ್ತೆಯ, ದುವಾ ಇಲ್ಲದೆ ಗಂಡನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಸುಮಯ್ಯಾ ಹಟ ಹಿಡಿದಿದ್ದಳಂತೆ. ಕಾರು ಗೌಸಬಿಯ ಓಣಿಯಲ್ಲಿ ನಿಂತಿತು. ಮದುಮಗ ಹೊರಗೇ ನಿಂತ, ಅವನ ಜೊತೆಗೆ ಕ್ಯಾಮರಾದವನೂ. ಎದುರಿನ ಹಿಟ್ಟಿನ ಗಿರಣಿಯ ಇಂದುಬಾಯಿ, ಕೂದಲಿಗೆಲ್ಲ ಹಿಟ್ಟು ಹತ್ತಿದ ಹೆಂಗಸು, ಓಡಿ ಬಂದು ಮದುಮಗನ ಬಾಯಿಗೆ ಸಕ್ಕರೆ ಹಾಕಿದರು.

ಗೌಸಬಿಯ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಹುಡುಗಿ ಹೊಸ್ತಿಲಲ್ಲಿ ತಲೆ ಬಾಗಿಸಿದಳು. ಪರದೆಯ ಹಿಂದಿನಿಂದ ಬಳೆಯಿಲ್ಲದ ಎರಡು ಕೈ ಹೊರಗೆ ಬಂದು ಅವಳ ತಲೆಯ ಮೇಲೆ ಕೂತವು, ಬಹಳ ಹೊತ್ತು ಅಲ್ಲೇ ಇದ್ದವು.

ನನಗೆ ಎಂಥ ನೆಮ್ಮದಿ ಬಂತೆಂದರೆ, ಅಖ್ತರನ ಹೆಂಡತಿಯನ್ನು ತಬ್ಬಿಕೊಂಡುಬಿಟ್ಟೆ. ಪಾಪ, ಅವಳು ಗಾಬರಿಯಾದಳು.

ಹಾಗಾದರೆ ಫೋಟೋದಲ್ಲಿನ ಕೀಲಿ ಯಾವ ದಿನದ್ದು? ಅದಕ್ಕೆ ಅಖ್ತರನೇ ಉತ್ತರ ಕೊಟ್ಟ. ಇದ್ದತ್ತು ಮುಗಿದ ಮೇಲೆ, ಏಪ್ರಿಲ್ ಕೊನೆಗೆ, ಅಕ್ಕನನ್ನೂ ಗುಲ್ನಾಜಳನ್ನೂ ಅವನೇ ತವರಿಗೆ ಕರೆತಂದು ಒಂದು ವಾರ ಇಟ್ಟುಕೊಂಡಿದ್ದ. ಮೌಲಾಅಲಿ ತೀರಿದ ಮೇಲೆ ಆ ಬಾಗಿಲು ಕೀಲಿ ಕಂಡದ್ದು ಆಗೊಮ್ಮೆ ಮಾತ್ರ. ಯಾರೋ ಆಗ ಹೋಗಿ ಹಾಳೆ ಅಂಟಿಸಿದ್ದಾರೆ, ಫೋಟೋ ಹೊಡೆದಿದ್ದಾರೆ, ಹಾಳೆ ಕಿತ್ತುಕೊಂಡು ಬಂದಿದ್ದಾರೆ. ಹರಾಜಿನ ಮೊದಲು ನೋಟಿಸಿಗೆ ಇಷ್ಟು ಸಮಯ ಕೊಟ್ಟಿರಬೇಕೆಂಬ ಕಾನೂನಿದೆಯಲ್ಲ, ಅದಕ್ಕೆ ಹಿಂದಿನ ತಾರೀಖು ಬೇಕಿತ್ತು. ಮನೆ ಖಾಲಿ ಇದ್ದಿರಬಹುದಾದ ಒಂದು ದಿನ ಹುಡುಕಿದ್ದಾರೆ, ಮದುವೆಯ ದಿನ ಸಿಕ್ಕಿದೆ.

ಅಂದರೆ ಇದನ್ನು ಬರೆಸಿದವನಿಗೆ ಮದುವೆ ಗೊತ್ತಿತ್ತು, ಇದ್ದತ್ತಿನ ಕಟ್ಟಳೆ ಗೊತ್ತಿರಲಿಲ್ಲ. ಈ ಮನೆಗೆ ಹತ್ತಿರದವನು, ಆದರೆ ಈ ಮಂದಿಯವನಲ್ಲ. ಯಾರಿರಬಹುದೆಂದು ಬಸ್ಸಿನಲ್ಲಿ ನಾನಿರುವ ಗೋಕಾಕ ಬರುವವರೆಗೂ ಯೋಚಿಸಿದೆ. ಒಂದೂ ಹೆಸರು ಹೊಳೆಯಲಿಲ್ಲ.

ಬೆಳಿಗ್ಗೆ ಸಮ್ಮೇದನ ಕಾರಿನಲ್ಲಿ ಮೊದಲು ಗುಲಗಂಜಿಹಾಳಕ್ಕೆ ಹೋಗಿ ಇಂದುಬಾಯಿಯನ್ನು ಹತ್ತಿಸಿಕೊಂಡೆವು. ಸಾಕ್ಷಿ ಹೇಳಲು ಬರುತ್ತೀರಾ ಎಂದು ಕೇಳುವುದೇ ತಡ, ಸೆರಗು ಕೊಡವಿ ಕೂತರು. ಅಲ್ಲಿಂದ ನೆಟ್ಟಗೆ ಮೂಡಲಗಿ. ವರದಿಗೆ ಸಹಿ ಹಾಕಿದ ಗುರುಲಿಂಗಪ್ಪನ ಮನೆ ಅಲ್ಲಿತ್ತು. ಅವನು ಗುತ್ತಿಗೆಯ ಮೇಲೆ ನೋಟಿಸು ಮುಟ್ಟಿಸುವವನು.

ಸಮ್ಮೇದನಿಗೆ ಕಾರಿನಲ್ಲೇ ಕೂಡು ಎಂದೆ. ಕರಿ ಕೋಟು ಕಂಡರೆ ಕೆಲವರ ಬಾಯಿ ಹೊಲಿದುಕೊಳ್ಳುತ್ತದೆ. ಇಂದುಬಾಯಿಯವರಿಗೆ, ನಾನು ಕೇಳುವವರೆಗೆ ಒಂದು ಮಾತೂ ಆಡಬೇಡಿ ಎಂದೆ. ಅದು ಅವರಿಗೆ ಎಷ್ಟು ಕಷ್ಟವೆಂಬುದು ಆಮೇಲೆ ತಿಳಿಯಿತು.

ಗುರುಲಿಂಗಪ್ಪ ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದ. ವಯಸ್ಸು ನಲವತ್ತರ ಆಚೀಚೆ, ಹಣೆಗೆ ವಿಭೂತಿ, ಕಣ್ಣು ನೆಲಕ್ಕೆ. ನಾನು ಯಾರೆಂದು ಹೇಳಿದೆ. ಪೊಲೀಸ್ ಕೆಲಸ ಬಿಟ್ಟಿದ್ದೇನೆ ಎಂಬುದನ್ನು ಸ್ವಲ್ಪ ಮೆಲ್ಲಗೆ ಹೇಳಿದೆ.

“ಮೌಲಾಅಲಿ ಮನಿ ಬಾಗಲಕ್ಕ ಕೀಲಿ ಇತ್ತಾ?”

“ಇತ್ರಿ. ಫೋಟೋ ಐತಲ್ರಿ.”

“ಮದುವಿಗೆ ಹೋಗ್ಯಾರಂತ ಯಾರ ಹೇಳಿದ್ರು?”

“ಎದರಮನಿಯವರ್ರಿ. ಕಟ್ಟಿ ಮ್ಯಾಲ ಒಬ್ಬ ಹೆಣ್ಣಮಗಳು ಕುಂತಿದ್ರು. ನಾ ಆ ಕೀಲಿ ಹಾಕಿದ ಬಾಗಲದಾಗ ನಿಂತ ಕೇಳಿದ್ನಿ, ಅವರು ಅಲ್ಲೇ ಕುಂತ ಹೇಳಿದ್ರು.”

“ಕುಂತಲ್ಲಿಂದನ ಹೇಳಿದ್ದು ನಿನಗ ಕೇಳಸ್ತು?”

“ಯಾಕ ಕೇಳಸಂಗಿಲ್ರಿ? ಶಾಂತ ಓಣಿ ಅದು.”

ನನ್ನ ಬೆನ್ನ ಹಿಂದೆ ಇಂದುಬಾಯಿ ಮೂಗಿನಲ್ಲಿ ಒಂದು ಸದ್ದು ಮಾಡಿದರು. ನಾನು ತಿರುಗಲಿಲ್ಲ.

“ಆ ಹೆಣ್ಣಮಗಳನ್ನ ಮತ್ತ ನೋಡಿದ್ರ ಗುರ್ತ ಹಿಡೀತೀಯೇನ?”

“ಹಿಡೀತೇನ್ರಿ. ಇನ್ನೂ ಕಣ್ಣಾಗ ಐತಿ ಮುಖಾ.”

“ಹಂಗಾದ್ರ ಇವರು ಯಾರು, ಹೇಳು.”

ಗುರುಲಿಂಗಪ್ಪ ಇಂದುಬಾಯಿಯವರನ್ನು ನೋಡಿದ. ನಿಮ್ಮ ಕೂಡ ಬಂದ ಬಾಯಾರು ಎಂದ. ಅವರನ್ನು ಹಿಂದೆಂದೂ ಕಂಡಿಲ್ಲವೆಂಬುದು ಅವನ ಮುಖದ ಮೇಲೆಯೇ ಇತ್ತು.

ಇನ್ನು ಇಂದುಬಾಯಿಯವರನ್ನು ಹಿಡಿಯುವುದು ನನ್ನಿಂದ ಆಗಲಿಲ್ಲ.

“ಎದರಮನ್ಯಾಕಿ ನಾನಪಾ. ನಂದು ಹಿಟ್ಟಿನ ಗಿರಣಿ. ಮುಂಜಾನಿಂದ ನನ್ನ ಗಿರಣಿ ಸದ್ದಿಗೆ ಆ ಓಣ್ಯಾಗ ಬಾಜೂದವರ ಮಾತ ಬಾಜೂದವರಿಗೆ ಕೇಳಸಂಗಿಲ್ಲ. ಎಲ್ಲಾರೂ ಕೈಲೆ ಮಾತಾಡತಾರ. ನೀ ನಮ್ಮ ಓಣಿಗೆ ಒಂದಿನಾನೂ ಕಾಲ ಇಟ್ಟಿಲ್ಲ.”

ಗುರುಲಿಂಗಪ್ಪ ನೀರಿನ ಬಕೀಟಿನ ಬಾಜೂ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟ.

ನಾನು ಜೋರು ಮಾಡಲಿಲ್ಲ. ಅಷ್ಟಕ್ಕೇ ಅವನ ಗಾಳಿ ಹೋಗಿತ್ತು. ಆ ನೋಟಿಸನ್ನು ತಾನು ಕಣ್ಣಿನಿಂದಲೂ ನೋಡಿಲ್ಲ ಎಂದ. ವರದಿ ಬರೆದೇ ಬರುತ್ತಿತ್ತು, ಫೋಟೋ ಫೋನಿಗೆ ಬರುತ್ತಿತ್ತು, ಸಹಿ ಮಾಡಿ ಕಳಿಸುವುದಷ್ಟೇ ತನ್ನ ಕೆಲಸ. ಕಳಿಸುವವನ ಮುಖ ಕಂಡಿಲ್ಲ, ಹೆಸರು ಕೇಳಿಲ್ಲ, ದನಿ ಮಾತ್ರ ಗೊತ್ತು. ಕೇಳಿದರೆ ಮುಂದಿನ ವರ್ಷ ಗುತ್ತಿಗೆ ಸಿಗುತ್ತದೋ ಇಲ್ಲವೋ ಎಂದು ಸುಮ್ಮನಿದ್ದನಂತೆ. ಒಬ್ಬಳು ಹೆಂಗಸಿನ ಸೂರು ಹೋಗುವುದಕ್ಕೆ ಇವನ ಒಂದು ಸಹಿ ಸಾಕಾಯಿತಲ್ಲ ಎಂದು ನನಗೆ ಮೈ ಉರಿಯಿತು.

ನಾಳೆ ಪೊಲೀಸರ ಮುಂದೆ ಹೇಳುವುದನ್ನು ಇಂದು ಅಧಿಕಾರಿಗಳ ಮುಂದೆ ಹೇಳು, ನಿನಗೂ ಒಳ್ಳೆಯದು, ಆ ಮನೆಗೂ ಒಳ್ಳೆಯದು ಎಂದೆ. ಅವನು ಒಳಗೆ ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದ.

ಗುಲಗಂಜಿಹಾಳದ ಪಟ್ಟಣ ಪಂಚಾಯಿತಿಯಲ್ಲಿ ನಾವು ಮುಟ್ಟುವ ಹೊತ್ತಿಗೆ ಮುಖ್ಯಾಧಿಕಾರಿ ವಿಚಾರಣೆಗೆ ಕೂತಿದ್ದರು. ಹೊಸದಾಗಿ ವರ್ಗವಾಗಿ ಬಂದ ಹೆಣ್ಣುಮಗಳು, ಕಡಿಮೆ ಮಾತು. ಗೌಸಬಿ ಬುರ್ಖಾದಲ್ಲಿ ಮೂಲೆಯ ಬೆಂಚಿನ ತುದಿಗೆ ಕೂತಿದ್ದಳು, ಪಕ್ಕದಲ್ಲಿ ಗುಲ್ನಾಜ. ಮಗಳ ಕೈಯನ್ನು ತಾಯಿ ಬಿಗಿಯಾಗಿ ಹಿಡಿದಿದ್ದಳು.

ಹರಾಜಿನಲ್ಲಿ ಮನೆ ಹಿಡಿದ ಕಂಪನಿಯ ವಕೀಲ ಮೊದಲು ಮಾತಾಡಿದ. ಮನೆ ಇನ್ನೂ ಮೌಲಾಅಲಿಯ ಹೆಸರಿನಲ್ಲಿದೆ, ಅವನು ತೀರಿದ ಸುದ್ದಿಯನ್ನು ಮನೆಯವರು ಕಚೇರಿಗೆ ಕೊಟ್ಟಿಲ್ಲ, ನೋಟಿಸನ್ನು ಬಾಗಿಲಿಗೆ ಅಂಟಿಸಿದ್ದಕ್ಕೆ ಫೋಟೋ ಇದೆ, ಕಾನೂನು ಇದಕ್ಕಿಂತ ಹೆಚ್ಚು ಏನೂ ಕೇಳುವುದಿಲ್ಲ ಎಂದ. ಚಂದ ಮಾತಾಡಿದ. ಅವನ ತಪ್ಪೂ ಇಲ್ಲವೆನ್ನಿ, ಅವನಿಗೆ ಕೊಟ್ಟ ಕಾಗದ ಹಾಗಿತ್ತು.

ಆಮೇಲೆ ಸಮ್ಮೇದ ಎದ್ದ. ಆ ಹುಡುಗನನ್ನು ನಾನು ಅಷ್ಟು ನೆಟ್ಟಗೆ ನಿಂತದ್ದು ನೋಡಿರಲಿಲ್ಲ. ಇದ್ದತ್ತು ಎಂದರೇನೆಂದು ಹೇಳಿದ, ವಿಡಿಯೋದ ಕೊನೆಯ ಭಾಗ ತೋರಿಸಿದ. ತೆರೆದ ಬಾಗಿಲು, ಬಳೆಯಿಲ್ಲದ ಎರಡು ಕೈ. ಮುಖ್ಯಾಧಿಕಾರಿ ಅದನ್ನು ಇನ್ನೊಮ್ಮೆ ಹಾಕಿಸಿ ನೋಡಿದರು. ಇಂದುಬಾಯಿ ತಾವು ಸಕ್ಕರೆ ಹಾಕಿದ್ದನ್ನು ಹೇಳಿದರು, ಕೇಳದಿದ್ದರೂ ಅದು ಎಂಥ ಸಕ್ಕರೆ ಎಂಬುದನ್ನೂ ಹೇಳಿದರು. ಗುರುಲಿಂಗಪ್ಪ ತಲೆ ತಗ್ಗಿಸಿ ತನ್ನದನ್ನು ಹೇಳಿದ.

ಕಂಪನಿಯ ವಕೀಲ ತನ್ನ ಕಾಗದ ಮಡಚಿಟ್ಟ.

“ತೆರಿಗಿ ವಸೂಲ ಮಾಡೋ ಅಧಿಕಾರ ಈ ಕಚೇರಿಗೆ ಐತಿ,” ಎಂದರು ಮುಖ್ಯಾಧಿಕಾರಿ. “ಆದರ ಮನಿಯೊಳಗ ಕುಂತಾಕಿಗೆ ಒಂದ ಮಾತು ತಿಳಿಸದ ಆಕಿ ಮನಿ ಮಾರೋ ಅಧಿಕಾರ ನಮಗ ಯಾರೂ ಕೊಟ್ಟಿಲ್ಲ.”

ಹರಾಜು ರದ್ದಾಯಿತು. ಮನೆ ವಾರಸುದಾರರ ಹೆಸರಿಗೆ ಆಗಬೇಕು, ಬಾಕಿಯ ನೋಟಿಸು ಹೊಸದಾಗಿ ಅವರ ಹೆಸರಿಗೇ ಹೋಗಬೇಕು, ಕಟ್ಟಲು ಕಾನೂನಿನಷ್ಟು ಸಮಯ ಕೊಡಬೇಕು, ಸುಳ್ಳು ವರದಿಯ ಬಗ್ಗೆ ಪೊಲೀಸರಿಗೆ ದೂರು ಹೋಗಬೇಕು. ಎಲ್ಲವನ್ನೂ ನಮ್ಮ ಮುಂದೆಯೇ ಬರೆಸಿ ಸಹಿ ಮಾಡಿದರು.

ಗೌಸಬಿಗೆ ಮೊದಲು ತಿಳಿಯಲಿಲ್ಲ. ಗುಲ್ನಾಜ ಕಿವಿಯಲ್ಲಿ ಹೇಳಿದಳು. ಆಗ ಅವಳು ಎದ್ದು ನಿಂತು, ಅಂದರೆ ಇನ್ನೊಂದು ನೋಟಿಸು ಬರುತ್ತದೆಯೇ ಎಂದು ಕೇಳಿದಳು. ಹೌದು, ಬರುತ್ತದೆ ಎಂದರು ಮುಖ್ಯಾಧಿಕಾರಿ.

“ಬರ್ಲಿ ಮೇಡಮ್. ನನ್ನ ಕೈಯಾಗ ಕೊಡ್ರಿ. ಗುಲ್ನಾಜನ ಕಡೆಯಿಂದ ಓದಿಸ್ಕೊಂಡು ಕಟ್ಟತೇನಿ. ನಾವು ಓಡಿ ಹೋಗೋ ಮಂದಿ ಅಲ್ರಿ.”

ಅಷ್ಟು ಹೇಳಿ ಅವಳು ಅತ್ತಳು. ನಕ್ಕಳು ಕೂಡ. ಅಪ್ಪ ತೀರಿದ ಮೇಲೆ ತಾಯಿ ನಕ್ಕದ್ದು ಇದೇ ಮೊದಲು ಎಂದು ಗುಲ್ನಾಜ ಆಮೇಲೆ ನನಗೆ ಹೇಳಿದಳು.

ಕಚೇರಿಯ ಪಡಸಾಲೆಯಲ್ಲಿ ನಾವೆಲ್ಲ ಒಟ್ಟಿಗೆ ಕೂತೆವು. ಸಮ್ಮೇದ ಎಲ್ಲರಿಗೂ ಚಹಾ ಹೇಳಿದ, ಜಿಪುಣತನ ಬಿಟ್ಟು ಜೊತೆಗೆ ಮಿರ್ಚಿ ಭಜಿಯನ್ನೂ ಹೇಳಿದ. ತಾಯಿಗೆ ಫೋನು ಹಚ್ಚಿ ಮರಾಠಿಯಲ್ಲಿ ತನ್ನ ಪರಾಕ್ರಮ ವರ್ಣಿಸತೊಡಗಿದ. ಅದರಲ್ಲಿ ಹುಕ್ಕೇರಿಯ ಸುದ್ದಿ ಬರಲಿಲ್ಲವೆಂಬುದನ್ನು ನಾನು ಗಮನಿಸಿದೆ. ಇರಲಿ, ಗೆದ್ದ ದಿನ ಹುಡುಗರಿಗೆ ಅಷ್ಟು ಸಲ್ಲುತ್ತದೆ. ನನಗೂ ಬಹಳ ದಿನಗಳ ಮೇಲೆ ಎದೆ ಹಗುರಾಗಿತ್ತು. ಇಂದುಬಾಯಿ ಮತ್ತು ಗೌಸಬಿ ಒಂದೇ ಬೆಂಚಿನ ಮೇಲೆ ಕೂತು, ಮನೆ ಉಳಿಯಿತಲ್ಲ, ಈ ಸಲ ಮಳೆಗಾಲದ ಮೊದಲು ಹಂಚು ತಿರುವಿ ಹಾಕಿಸಬೇಕೆಂದು ಮಾತಾಡುತ್ತಿದ್ದರು.

ದೂರ ಕಂಬದ ಬಳಿ ನಿಂತಿದ್ದ ಗುರುಲಿಂಗಪ್ಪನ ಫೋನು ಗುಂಯ್‌ಗುಟ್ಟಿತು. ಅವನು ನೋಡಿದ. ನೋಡಿದವನೇ ನನ್ನ ಹತ್ತಿರ ಬಂದು ಫೋನನ್ನು ಕೈಗೆ ಕೊಟ್ಟ.

ಅದೇ ನಂಬರಿನಿಂದ ಬಂದ ಫೋಟೋ. ಒಂದು ಹಸಿರು ಬಾಗಿಲು, ಅದಕ್ಕೆ ಕೀಲಿ, ಮೇಲೆ ಅಂಟಿಸಿದ ಹಾಳೆ.

ಇಂದುಬಾಯಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

“ಇದು ನನ್ನ ಗಿರಣಿ ಬಾಗಲಾ,” ಎಂದರು. “ಸೊಸಿ ಆರತಿ ನಿಡಸೋಸಿಗೆ ಕೆಲಸಕ್ಕ ಹೋಗ್ಯಾಳ. ನಾ ಇವತ್ತ ಮುಂಜಾನಿ ಕೀಲಿ ಹಾಕಿ ನಿಮ್ಮ ಕೂಡ ಬಂದೇನಿ.”

ಗಿರಣಿ ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ಇನ್ನೂ ಗಂಡ ಶ್ರೀಪಾಲನ ಹೆಸರಿನಲ್ಲೇ ಇದೆ ಎಂದರು. ಶ್ರೀಪಾಲ ತೀರಿಕೊಂಡು ವರ್ಷವಾಗಿತ್ತು. ಸತ್ತವರ ಹೆಸರಿನ ಇನ್ನೊಂದು ಆಸ್ತಿ. ಫೋಟೋ ಹೊಡೆದವನು ಈಗ ಇದೇ ಊರಲ್ಲಿದ್ದಾನೆ, ಒಳಗೆ ಏನು ನಡೆಯಿತೆಂಬುದು ಅವನಿಗೆ ಇನ್ನೂ ಮುಟ್ಟಿಲ್ಲ.

ನಾನು ಏಳುವಷ್ಟರಲ್ಲಿ ಫೋನು ಕೈಯಲ್ಲೇ ರಿಂಗಾಯಿತು. ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ, ಸ್ಪೀಕರ್ ಒತ್ತಿ, ಫೋನನ್ನು ಗುರುಲಿಂಗಪ್ಪನ ಬಾಯಿಯ ಹತ್ತಿರ ಹಿಡಿದೆ.

“ಗುರುಲಿಂಗಪ್ಪಾ, ಫೋಟೋ ಮುಟ್ಟೀತಿಲ್ಲೋ?” ಮೆತ್ತಗಿನ, ವಯಸ್ಸಾದ, ಪ್ರೀತಿಯ ದನಿ. “ವರದಿ ಸಂಜೀಕ ಕಳಸತೇನಿ. ಸಹಿ ಮಾಡಿ ಇಡು.”

ಗುರುಲಿಂಗಪ್ಪ ಹೂಂ ಎಂದ. ಫೋನು ಆ ಕಡೆಯಿಂದಲೇ ಕಟ್ಟಾಯಿತು.

ನಾನು ಇಂದುಬಾಯಿಯ ಮುಖ ನೋಡಿದೆ. ಅವರು ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದರು. ಆದರೆ ಬೆಂಚಿನ ಆ ತುದಿಯಲ್ಲಿ ಗೌಸಬಿ ಎದ್ದು ನಿಂತಿದ್ದಳು. ಈಗಷ್ಟೇ ನಕ್ಕ ಮುಖದಲ್ಲಿ ರಕ್ತವೇ ಇರಲಿಲ್ಲ.

“ಈ ದನಿ ನನಗ ಗೊತ್ತೈತ್ರಿ, ಅಕ್ಕಾರ,” ಎಂದಳು. “ನಮ್ಮ ಮಂದಿ ಅಲ್ಲದಿದ್ರೂ ನಮ್ಮವರ ಜನಾಜಾ ಎತ್ತುಮುಂದ ಹೆಗಲ ಕೊಟ್ಟವರು ಇವರು. ಆಮ್ಯಾಲ ಪರದೆ ಆಚೆ ನಿಂತ ಹೇಳಿದ್ರು, ಮನಿ ಚಿಂತಿ ಮಾಡಬ್ಯಾಡ ತಂಗಿ, ಅದನ್ನ ನಾ ನೋಡ್ಕೋತೇನಿ ಅಂತ.”